ತಾಡಪತ್ರಿಯೊಳಗಿನ ಮಿಕ್ಸರ್

ಮಾಡಿದ್ದುಣ್ಣೋ ಮಹಾರಾಯ ಎಂಬುದು ಹಳೆಯ ಗಾದೆ. ವ್ಯಾಟ್ ತೆರಿಗೆ ಬಂದ ಮೇಲೆ ಅದು ‘ಮಾಡಿದ್ದು ಕಟ್ಟೋ ಮಹಾರಾಯ’ ಎಂದಾಗಿದೆ. ಸುಳ್ಳೆನ್ನುವವರು ನಿಪ್ಪಾಣಿ ಹತ್ತಿರದ ಭೋಜ ಊರಿಗೆ ಹೋಗಿ ಲಖನನನ್ನೇ ಕೇಳಲಿ.

ಲಖನ ಚಾದಂಗಡಿಯ ಹಿಂದೆ ನಿಂತು, ಫೋನಿಗೆ ಕರವಸ್ತ್ರ ಹಿಡಿದು ಗದರುತ್ತಿದ್ದ. “ಏನ್ರೀ ಮಲಕಾರಿ, ಕಾಂಟ್ರ್ಯಾಕ್ಟ್ ಮಾಡ್ತೀರ, ತೆರಿಗೆ ಮಾತ್ರ ಕಟ್ಟಲ್ಲ. ಇವತ್ತು ನಿಮ್ಮ ಮಿಕ್ಸರ್ ಜಪ್ತಿ!” ಕೊನೆಗೆ ‘ಸುರ್’ ಎಂದು ಮೂಗೆಳೆದ. ವ್ಯಾಟ್ ಸಾಹೇಬರು ಹಾಗೆಯೇ ಎಳೆಯುತ್ತಾರಂತೆ. ಇವನಿಗೆ ಹೇಗೆ ಗೊತ್ತೆಂದು ಗೆಳೆಯರಾರೂ ಕೇಳಲಿಲ್ಲ, ನಗುವುದಕ್ಕೇ ಪುರುಸೊತ್ತಿರಲಿಲ್ಲ.

ಲಖನ, ಮಲಕಾರಿ ಇಬ್ಬರೂ ಮನೆ ಕಟ್ಟುವ ಗುತ್ತಿಗೆದಾರರು. ತೆರಿಗೆಯ ಮಾತೆತ್ತಿದರೆ ಇಬ್ಬರೂ ‘ದಿವಾಳಿ ಆಗೇನ್ರಿ’ ಎನ್ನುವವರೇ. ಕಾಂಕ್ರೀಟ್ ಕಲಸುವ ಮಿಕ್ಸರೇ ಅವರ ಆಸ್ತಿ. ಅದು ಹೋದರೆ ಗುತ್ತಿಗೆದಾರ ಮತ್ತೆ ಇಟ್ಟಿಗೆ ಇಡುವ ಗೌಂಡಿ.

ಸ್ವಲ್ಪ ಹೊತ್ತಿಗೆ ಮಲಕಾರಿಯ ಟ್ರ್ಯಾಕ್ಟರ್ ಗುಡುಗುತ್ತ ಬಂತು. ಟ್ರೇಲರಿನಲ್ಲಿ ತಾಡಪತ್ರಿ, ಅಂದರೆ ಟಾರ್ಪಾಲು, ಹೊದ್ದ ಮಿಕ್ಸರ್. ಗಡಿ ದಾಟಿದರೆ ಮಹಾರಾಷ್ಟ್ರ, ಅಲ್ಲಿ ಅವನ ಅಕ್ಕನ ಮನೆ. ಕರ್ನಾಟಕದ ಸಾಹೇಬನ ಕೈ ಅಲ್ಲಿಗೆ ಮುಟ್ಟದು ಎಂಬುದು ಈ ಕಡೆಯವರ ಗಟ್ಟಿ ನಂಬಿಕೆ.

“ಎಲ್ಲಿಗೋ?” ಲಖನ ಕೂಗಿದ.

“ಅಕ್ಕನ ಮಗಳಿಗಿ ಏಳ ತಿಂಗಳಾ, ಕುಬಸ ಐತಿ!”

“ಮಿಕ್ಸರಿನ್ಯಾಗ ಹೋಳಿಗಿ ಕಣಕ ನಾದ್ತಾರೇನಲೇ?” ಮಲಕಾರಿ ಆಗಲೇ ಧೂಳಾಗಿದ್ದ.

ಮಧ್ಯಾಹ್ನದ ಮೇಲೆ ಅದೇ ಟ್ರ್ಯಾಕ್ಟರ್ ಮತ್ತೆ ಚಾದಂಗಡಿಯ ಮುಂದೆ ಬಂತು, ಈ ಸಲ ನಿಪ್ಪಾಣಿಯ ಕಡೆಗೆ. ಮುಂದೊಂದು ಬಿಳಿ ಜೀಪು. ಅದೇ ತಾಡಪತ್ರಿ. ಮಲಕಾರಿ ಬ್ರೇಕ್ ಒತ್ತಿದ. “ಲಖನಾ, ಹಗ್ಗ ಸಡ್ಲ ಆಗೇತಿ. ಒಂದೀಟ ಬಿಗಿಯೋ ಮಾರಾಯಾ.”

ಹೆದರಿ ಮಿಕ್ಸರನ್ನು ಊರೂರು ಸುತ್ತಿಸುತ್ತಿದ್ದಾನೆ, ಪಾಪ! ಲಖನ ನಗು ನುಂಗಿ, ಗಾಲಿಗೆ ಕಾಲು ಕೊಟ್ಟು, ಜಗ್ಗಿ ಜಗ್ಗಿ ಬಿಗಿದ.

ಸಂಜೆ ಗುಟ್ಟು ಒಡೆಯಲು ಮಲಕಾರಿಯ ಬಾಗಿಲಿಗೇ ಹೋದ. “ಏನ್ರೀ ಮಲಕಾರಿ...” ಎಂದು ಮೂಗೆಳೆದ.

ಮಲಕಾರಿ ನಕ್ಕ. ಕಟ್ಟೆಯ ಮೇಲೆ ಉರುಳಾಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

“ಸಿಟ್ಟ ಬರಲಿಲ್ಲೇನೋ?”

“ಸಿಟ್ಟ್ಯಾಕ ದೋಸ್ತ? ಮಧ್ಯಾಹ್ನ ಇದ ಧ್ವನಿ ಖರೇನ ಇಲ್ಲೀಗಿ ಬಂದಿತ್ತು. ಮೂಗೂ ಹಿಂಗ ಎಳೀತು. ನನ್ನ ಹೆಸರಽ ಗೊತ್ತಿಲ್ಲ ಅದಕ್ಕ! ‘ಲಖನನ ಮನೆ ಎಲ್ಲಿ? ಫೋನ್ ಮಾಡಿ ಮಾಡಿ ಸಾಕಾಯ್ತು’ ಅಂತು. ತೋರ್ಸಿದೆ. ನಿಪ್ಪಾಣಿ ಆಫೀಸಿಗಿ ಒಯ್ಯಾಕ ಗಾಡಿ ಬೇಕಂದ್ರು, ನಂದು ಖಾಲಿ ಇತ್ತು. ಬಾಡಿಗಿ ಸರಕಾರದ್ದು.”

ಲಖನನ ನಗು ಅರ್ಧಕ್ಕೆ ನಿಂತಿತು. “ಏನ ಒಯ್ಯಾಕ?”

“ನನ್ನ ಮಿಕ್ಸರ್ ಇನ್ನೂ ಅಕ್ಕನ ಮನ್ಯಾಗಽ ಐತಿ, ನೀ ಹಗ್ಗ ಬಿಗದಿದ್ದು ನಿನ್ನ ಮಿಕ್ಸರಿಗಿ!”