ಅಗಲ ಬಾಯಿಯ ಕಾರು

ಹಸಿ ತೆಂಗಿನ ಮಟ್ಟೆ ಸುಟ್ಟ ವಾಸನೆ ಬಂದರೆ ಈಗಲೂ ನನ್ನ ಕೈ ಅಜ್ಜಿಯ ಕೈ ಹುಡುಕುತ್ತದೆ.

ದೊಡ್ಡಪ್ಪ ಆ ಭಾರಿ ಕಾರು ತಂದಾಗ, ಬಾಯಿಯಂತೆ ಅಗಲವಾಗಿದ್ದ ಅದರ ಮುಂದಿನ ಜಾಲರಿ ನೋಡಿ ಅಪ್ಪ, "ಹೆಗ್ಗಣದ ಮುಸುಡಿ ಕಣಪ್ಪ" ಎಂದು ನಕ್ಕಿದ್ದ. ಅಜ್ಜಿ ಮಾತ್ರ, "ಸುಮ್ಕಿರ್ಲಾ, ಮದುಮಗನಂಗೈತೆ. ನಾನೊಂದ್ಸಲ ಕೂರ್ಬೇಕು" ಎಂದಿದ್ದಳು.

ತೋಟದಲ್ಲಿ ಅವಳಿಗೆ ಹಾವು ಕಚ್ಚಿದ ಮಧ್ಯಾಹ್ನ ಕೂತಳು, ಹಿಂದಿನ ಸೀಟಿನಲ್ಲಿ, ನನ್ನ ಪಕ್ಕ. ತಿಪಟೂರಿನ ಆಸ್ಪತ್ರೆಗೆ ಹೊರಟ ಕಾರು ತೋಟದ ಕೆಸರಲ್ಲೇ ಹೂತಿತು. ಟ್ರ್ಯಾಕ್ಟರಿಗೆ ಹಾಕುವಂತೆ ಅಪ್ಪ ಚಕ್ರದಡಿ ಮಟ್ಟೆ ತುರುಕಿದ. ತಗ್ಗು ಕಾರು, ಮಟ್ಟೆಗಳು ಅದರ ಹೊಟ್ಟೆಗೇ ಸಿಕ್ಕಿಕೊಂಡವು. ದೊಡ್ಡಪ್ಪ ಎಂಜಿನ್ ರೇಸ್ ಮಾಡಿದಷ್ಟೂ ಹಸಿ ಮಟ್ಟೆ ಸುಟ್ಟು ಹೊಗೆ ಬಂತು, ಕಾರು ಕದಲಲಿಲ್ಲ. ಹಿಂದಕ್ಕಾದರೂ ಸರಿಯಲೆಂದು ಮುಂದಿನಿಂದ ತಳ್ಳುತ್ತಿದ್ದ ಅಪ್ಪ ಆ ಜಾಲರಿಗೆ ಹಣೆ ಒತ್ತಿ, "ಏಳಪ್ಪ, ನಿನ್ ಕಾಲಿಗ್ ಬೀಳ್ತೀನಿ, ಏಳಪ್ಪ" ಎಂದು ಅಳುತ್ತಿದ್ದ.

ಅಜ್ಜಿಯ ಬೆರಳುಗಳು ನನ್ನ ಕೈಯಲ್ಲಿ ಸಡಿಲವಾಗಿ ಆಗಲೇ ಬಹಳ ಹೊತ್ತಾಗಿತ್ತು. ನಾನು ಹೇಳಲಿಲ್ಲ.