ಕೆಲಸಕ್ಕೆ ಮುಂಚಿನ ಪ್ರಶ್ನೆ

ಮಾಲೀಕ ಲಾರಿಯ ಕೀಲಿಯನ್ನು ಮೇಜಿನ ಮೇಲೆ ಅವಳತ್ತ ಸರಿಸಿದ. "ಲೈಸೆನ್ಸ್ ಕೈಗೆ ಬಂದು ವಾರ ಆಗಿಲ್ಲ, ಆದ್ರೂ ನಂಬಿ ಗಾಡಿ ಕೊಡ್ತಿದ್ದೀನಿ ತಂಗಿ. ಬೇರೆ ಕಂಪನಿಯೋರು ನಿನ್ನನ್ನ ಕ್ಲೀನರ್ ಆಗೂ ಸೇರಿಸ್ಕೊಳ್ಳಲ್ಲ."

ಅದು ಸುಳ್ಳಲ್ಲ. ಎರಡು ಕಂಪನಿಯವರು ಗೇಟಿನಲ್ಲೇ ನಕ್ಕು ಕಳಿಸಿದ್ದರು. ಕೀಲಿಯ ಮೇಲೆ ಕೈಯಿಟ್ಟುಕೊಂಡೇ ಅವಳು ಕೇಳಿದಳು: "ಅಣ್ಣಾ, ಬ್ರೇಕ್ ಸರಿ ಇಲ್ಲ, ಗಾಡಿ ತೆಗೆಯಲ್ಲ ಅಂತ ಡ್ರೈವರ್ ಹೇಳಿದ್ರೆ ಏನ್ ಮಾಡ್ತೀರಿ?"

"ಅಯ್ಯೋ, ಅದಕ್ಯಾಕೆ ತಲೆ ಕೆಡಿಸ್ಕೊಳ್ತೀಯ? ನಾನೇನು ಬೈಯಲ್ಲಮ್ಮ. ಅವನನ್ನ ಮನೆಗೆ ಕಳಿಸಿ, ಇನ್ನೊಬ್ಬ ಡ್ರೈವರ್‌ನ ಹತ್ತಿಸ್ತೀನಿ."

ಅವಳು ಕೀಲಿಯಿಂದ ಕೈ ತೆಗೆದಳು. ಅವಳ ಗಂಡ ಕೊನೆಯ ಸಲ ಮನೆ ಬಿಟ್ಟಿದ್ದು ಹಾಗೆಯೇ: ಫೋನ್ ಬಂತೆಂದು ಊಟವನ್ನು ಅರ್ಧಕ್ಕೆ ಬಿಟ್ಟು, ಯಾರೋ ಒಲ್ಲೆನೆಂದ ಗಾಡಿಗೆ, ಇನ್ನೊಬ್ಬ ಡ್ರೈವರ್ ಆಗಿ.