ಬದುವಿನ ಸಂಘ

ಹೊಲದ ಬದುವಿಗಾಗಿ ದೊಡ್ಡತಾಯಮ್ಮನಿಗೂ ಪಕ್ಕದ ಹೊಲದ ಜವರಯ್ಯನಿಗೂ ಪ್ರಾಯದಿಂದಲೂ ಜಗಳ. ಅವನು ಹೊಲವನ್ನು ಲೇಔಟಿನವರಿಗೆ ಮಾರುತ್ತಾನೆಂದು ಕೇಳಿದ ದಿನ ಅವಳಿಗೆ ಅನ್ನ ಇಳಿಯಲಿಲ್ಲ. ಎಂದೂ ತುಳಿಯದ ಅವನ ಮನೆ ಬಾಗಿಲಿಗೆ ಹೋಗಿ ನಿಂತಳು.

"ನೀ ಹೋದ್ರೆ ನಾನ್ಯಾರ್ನ ಬಯ್ಲಿ?"

"ನೀನೂ ಮಾರ್ತೀಯ ಅಂತ ಲೇಔಟ್ನೋರು ಅಂದ್ರು, ಅದ್ಕೇ ಒಪ್ಕಂಡೆ," ಎಂದ ಜವರಯ್ಯನ ದನಿ ಮೆತ್ತಗಾಗಿತ್ತು. "ನೀನಿಲ್ದಿದ್ ಮೇಲೆ ಆ ಹೊಲ್ದಲ್ಲಿ ನಂಗೇನ್ ಕೆಲ್ಸ?"

ಆ ವಾರವೇ ಇಬ್ಬರೂ ಸೇರಿ ಕೃಷಿಭೂಮಿ ಸಂರಕ್ಷಣಾ ಸಂಘ ಕಟ್ಟಿದರು. ಊರವರೂ ಸೇರಿಕೊಂಡರು, ಲೇಔಟಿನವರು ಕಾಲ್ತೆಗೆದರು. ಉದ್ಘಾಟನೆಗೆ ಬಂದ ತಹಶೀಲ್ದಾರರು ಮೆಚ್ಚಿ, "ನಾಳೆಯೇ ಸರ್ವೆ ಮಾಡಿಸಿ ನಿಮ್ಮಿಬ್ಬರ ಬದುವಿನ ತಕರಾರು ಬಗೆಹರಿಸ್ತೀನಿ," ಎಂದರು.

ಇಬ್ಬರೂ ಒಟ್ಟಿಗೇ ಎದ್ದು ಕೈಮುಗಿದರು. "ಅದೊಂದ್ ಮಾಡ್ಬ್ಯಾಡಿ ಸ್ವಾಮಿ, ಸಂಘ ಮುಳುಗೋಯ್ತದೆ!"